ಕಾರವಾರಕ್ಕೊಂದು ಕ್ಯಾಸಿನೊ ಬೇಕೆ? – ಸಂಪಾದಕರ ಉತ್ತರ

ಮಾನ್ಯರೆ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗ ಸಾಲದ್ದರಿಂದ ಉಳಿದ ಓದುಗರಿಗೆ ಅದರ ಸಾರ ಹೇಳಿಬಿಡುತ್ತೇನೆ. ಕಾರವಾರದಲ್ಲಿ ನಿಮ್ಮದೊಂದು ಸಣ್ಣ ಲಾಡ್ಜು. ಶುಕ್ರವಾರ ಸಂಜೆಯಾದರೆ ಉಡುಪಿ, ಮಂಗಳೂರು, ಶಿವಮೊಗ್ಗ ಕಡೆಯ ಕಾರುಗಳು ನಿಮ್ಮ ಬಾಗಿಲ ಮುಂದೆಯೇ ಗೋವಾಕ್ಕೆ ಹೋಗುತ್ತವೆ, ಒಂದು ಚಹಾಕ್ಕೂ ನಿಲ್ಲುವುದಿಲ್ಲ. ಪಣಜಿಯಲ್ಲಿ ಸುರಿಯುವ ದುಡ್ಡು ಇಲ್ಲೇ ಉಳಿಯುವಂತೆ ನಮ್ಮ ಸರ್ಕಾರವೂ ಒಂದೇ ಒಂದು ಕ್ಯಾಸಿನೊಗೆ ಲೈಸೆನ್ಸ್ ಕೊಡಲಿ, ಹೊರಗಿನವರಿಗೆ ಮಾತ್ರ ಪ್ರವೇಶ ಇರಲಿ, ನಿಯಮ ಬಿಗಿ ಮಾಡಲಿ ಎನ್ನುತ್ತೀರಿ. ಕಾನೂನು ಇದ್ದೂ ಮಟ್ಕಾ ನಿಂತಿಲ್ಲವಲ್ಲ ಎಂದೂ ಕೇಳಿದ್ದೀರಿ.

ಖಾಲಿ ಕೋಣೆಗಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ನಿಮ್ಮ ಸಲಹೆಗೆ ನನ್ನ ವಿರೋಧವಿದೆ. ‘ಒಂದೇ ಒಂದು’, ‘ಹೊರಗಿನವರಿಗೆ ಮಾತ್ರ’ ಎಂಬ ಈ ಎರಡು ಮಾತುಗಳ ಕಥೆ ನಿಮ್ಮ ಪಕ್ಕದ ರಾಜ್ಯದಲ್ಲೇ ಇದೆ.

ಗೋವಾದ 1976ರ ಸಾರ್ವಜನಿಕ ಜೂಜು ಕಾಯ್ದೆ ಬಂದದ್ದು ಜೂಜನ್ನು ತಡೆಯುವುದಕ್ಕೆ. 1992ರಲ್ಲಿ ಅದಕ್ಕೆ 13ಎ ಎಂಬ ಕಲಂ ಸೇರಿತು. ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಷಿನ್, ಅಂದರೆ ದುಡ್ಡು ಹಾಕಿ ಆಡುವ ಜೂಜಿನ ಯಂತ್ರ, ಇಡಬಹುದು, ಅಷ್ಟೇ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1996ರಲ್ಲಿ, ಅದೇ ಕಲಮಿಗೆ ಮತ್ತೊಂದು ಸಾಲು ಬಂತು: ಕಡಲ ಮೇಲಿನ ಹಡಗುಗಳಲ್ಲಿ ಇಸ್ಪೀಟಿನಂಥ ಟೇಬಲ್ ಆಟಗಳಿಗೂ ಅನುಮತಿ. ಆ ಹಡಗುಗಳು ಈಗ ಎಲ್ಲಿವೆ ಎಂಬುದನ್ನು ನೀವೇ ನೋಡಿರುತ್ತೀರಿ. ಕಾಯ್ದೆ ಕಡಲು ಎಂದಿತು, ಲಂಗರು ಬಿದ್ದದ್ದು ಮಾಂಡವಿ ನದಿಯಲ್ಲಿ. ಪಣಜಿಯ ದಂಡೆಯ ರಸ್ತೆಯಲ್ಲಿ ನಿಂತರೆ ಅವುಗಳ ದೀಪ ಮುಖಕ್ಕೆ ಹೊಡೆಯುತ್ತದೆ, ಜೆಟ್ಟಿಯಿಂದ ಸಣ್ಣ ದೋಣಿ ಹತ್ತಿದರೆ ಕೆಲವೇ ನಿಮಿಷದ ದಾರಿ. ಅವನ್ನು ನದಿಯಿಂದ ತೆಗೆಸುತ್ತೇವೆ ಎಂದು ಒಂದಾದ ಮೇಲೊಂದು ಸರ್ಕಾರ ಮಾತು ಕೊಟ್ಟಿತು. ಸಂಪುಟದ ಮುಂದೆ ವಿಷಯ ಬಂದಾಗಲೆಲ್ಲ ಅವಧಿ ವಿಸ್ತರಣೆಯಾಯಿತು.

ಕೊನೆಗೆ ಗೋವಾದವರೇ ತಮ್ಮ ಮಕ್ಕಳನ್ನು ಅಲ್ಲಿಗೆ ಬಿಡಬೇಡಿ ಎಂದರು. 2012ರಲ್ಲಿ ತಿದ್ದುಪಡಿ ಆಯಿತು. ಸ್ಥಳೀಯರಿಗೆ ಪ್ರವೇಶವಿಲ್ಲ ಎಂಬ ನಿಯಮ ನಿಜವಾಗಿ ಜಾರಿಗೆ ಬಂದದ್ದು 2020ರ ಫೆಬ್ರವರಿ 1ರಂದು. ಬಾಗಿಲು ತೆರೆಯಲು ಒಂದು ಸಾಲು ಸಾಕಾಗಿತ್ತು, ತಮ್ಮವರ ಮಟ್ಟಿಗೆ ಅದನ್ನು ಮುಚ್ಚಲು ಎಂಟು ವರ್ಷ ಬೇಕಾಯಿತು. ಅದೇ ತಿಂಗಳು ನಮ್ಮಲ್ಲಿ ಅಂದಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಅವರು ಕ್ಯಾಸಿನೊ ಮಾತು ಎತ್ತಿದ್ದರು. ವಿರೋಧ ಬಂತು, ಮಾತು ಅಲ್ಲಿಗೇ ನಿಂತಿತು. ನಿಂತದ್ದು ಒಳ್ಳೆಯದಾಯಿತು.

ಇನ್ನು, ಹೊರಗಿನವರು ಎಂದರೆ ಯಾರು? ಗೋವಾದ ಲೆಕ್ಕದಲ್ಲಿ ಹೊರಗಿನವರು ನಾವೇ, ಬೆಳಗಾವಿಯ, ಹುಬ್ಬಳ್ಳಿಯ ಹುಡುಗರು. ನೀವು ಕಾರವಾರದಲ್ಲಿ ತೆರೆದರೆ ಶಿರಸಿಯ ಅಡಿಕೆ ಬೆಳೆಗಾರ, ಅಂಕೋಲೆಯ ಬೋಟ್ ಮಾಲೀಕ ಹೊರಗಿನವರೋ ಒಳಗಿನವರೋ? ಅವರನ್ನು ಹೊರಗಿಟ್ಟರೆ ಕ್ಯಾಸಿನೊ ನಡೆಸುವವನಿಗೆ ಲೆಕ್ಕ ಹೊಂದುವುದಿಲ್ಲ. ಹೊಂದುವುದಿಲ್ಲ ಎಂದ ದಿನ ಅವನು ಬೆಂಗಳೂರಿಗೆ ಹೋಗಿ ನಿಯಮ ಸಡಿಲಿಸಿ ಎನ್ನುತ್ತಾನೆ. ಅಷ್ಟು ಹೊತ್ತಿಗೆ ಅವನು ಕಟ್ಟುವ ಶುಲ್ಕ ಬಜೆಟ್ಟಿನಲ್ಲಿ ಒಂದು ಸಾಲಾಗಿ ಕೂತಿರುತ್ತದೆ. ನನ್ನ ವಾದದ ಗಂಟು ಇರುವುದು ಇಲ್ಲೇ: ತಾನೇ ಪಾಲುದಾರನಾದ ಜೂಜಿಗೆ ಸರ್ಕಾರ ಮಿತಿ ಹಾಕಲಾರದು.

ಇದನ್ನು ನಾವು ಲಾಟರಿಯಲ್ಲಿ ಕಂಡಿದ್ದೇವೆ. ಒಂದಂಕಿ ಲಾಟರಿಯ ಕಾಲ ನಿಮಗೆ ನೆನಪಿರಬೇಕು. ನಮ್ಮೂರ ಬಸ್ ಸ್ಟ್ಯಾಂಡಿನ ಬದಿಯಲ್ಲಿ ಸಾಲು ಗೂಡಂಗಡಿಗಳು, ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಟಿಕೆಟ್ಟುಗಳು. ದಿನಕ್ಕೊಂದಲ್ಲ, ಮತ್ತೆ ಮತ್ತೆ ಡ್ರಾ. ಮಧ್ಯಾಹ್ನ ಹಮಾಲರು ಕೂಲಿ ಕೈಗೆ ಬಿದ್ದ ಕೂಡಲೇ ಅಲ್ಲಿಗೆ ಬರುತ್ತಿದ್ದರು. ಸಂಜೆ ಹರಿದ ಟಿಕೆಟ್ಟು ನೆಲದ ತುಂಬ. ನಮ್ಮ ಓಣಿಯ ದರ್ಜಿಯೊಬ್ಬರು ಮೊದಲು ಹೆಂಡತಿಯ ಓಲೆ ಅಡವಿಟ್ಟರು, ಆಮೇಲೆ ಹೊಲಿಗೆ ಮಷಿನ್ನಿನ ತಲೆಯನ್ನೇ ಬಿಚ್ಚಿ ಕೊಟ್ಟುಬಂದರು. ತಲೆಯಿಲ್ಲದ ಆ ಮಷಿನ್ನಿನ ಮೇಲೆ ಅವರ ಮಗಳು ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ನನ್ನ ಶಾಲೆಯ ಅಂಗಿಗಳನ್ನೆಲ್ಲ ಹೊಲಿದ ಕೈ ಅದು.

ಅನ್ಯ ರಾಜ್ಯಗಳ ಲಾಟರಿಯನ್ನಾದರೂ ತಡೆಯಬಹುದಿತ್ತಲ್ಲ ಎನ್ನಬಹುದು. 1998ರ ಕೇಂದ್ರ ಲಾಟರಿ ಕಾಯ್ದೆಯ 5ನೇ ಕಲಂ ಆ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಆದರೆ ಮರುವರ್ಷವೇ ಸುಪ್ರೀಂ ಕೋರ್ಟ್ ಅದಕ್ಕೊಂದು ನ್ಯಾಯವಾದ ಷರತ್ತು ಇಟ್ಟಿತು: ಸ್ವಂತ ಲಾಟರಿ ಮಾರುತ್ತಾ ನೆರೆಯವರದ್ದನ್ನು ನಿಷೇಧಿಸುವಂತಿಲ್ಲ, ತನ್ನದನ್ನು ಮೊದಲು ನಿಲ್ಲಿಸಬೇಕು. 2007ರಲ್ಲಿ ಕರ್ನಾಟಕ ಆ ಆದಾಯಕ್ಕೆ ಕೈಮುಗಿದು ಲಾಟರಿಯನ್ನೇ ಬಂದ್ ಮಾಡಿತು. ತಲಪಾಡಿ ದಾಟಿ ಕೇರಳದ ಟಿಕೆಟ್ಟು ಕೊಳ್ಳುವವರು ಇಂದಿಗೂ ಇದ್ದಾರೆ, ನಿಜ. ಆದರೆ ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಆ ಹಗ್ಗಗಳನ್ನು ಮತ್ತೆ ಯಾರೂ ಕಟ್ಟಲಿಲ್ಲ.

ಮಟ್ಕಾ ವಿಷಯಕ್ಕೂ ಇದೇ ಉತ್ತರ. ಮಟ್ಕಾ ಚೀಟಿ ಬರೆಯುವವನು ಪೊಲೀಸರ ಕಣ್ಣು ತಪ್ಪಿಸಬೇಕು. ಹೆದ್ದಾರಿಗೆ ಬೋರ್ಡು ಹಾಕುವಂತಿಲ್ಲ, ಕ್ರಿಕೆಟ್ ಆಟಗಾರನನ್ನು ಕರೆದು ಜಾಹೀರಾತು ಮಾಡಿಸುವಂತಿಲ್ಲ. ಲೈಸೆನ್ಸ್ ಕೊಟ್ಟ ದಿನ ಈ ಎಲ್ಲ ಅಡ್ಡಿ ತೊಲಗುತ್ತದೆ. ಆಡುವವರು ಎಷ್ಟು ಮಂದಿ ಎಂಬುದು ಆ ಅಡ್ಡಿಗಳ ಮೇಲೆ ನಿಂತಿದೆ.

ರಾಜ್ಯಕ್ಕೆ ಅಧಿಕಾರ ಇದೆಯೇ ಎಂದೂ ಕೇಳಿದ್ದೀರಿ. ಬೇಕಾದಷ್ಟಿದೆ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 34ನೇ ನಮೂದು ಬಾಜಿ ಮತ್ತು ಜೂಜು. ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ಮೂಲಭೂತ ಹಕ್ಕಿನ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿತು. ಪತ್ರಿಕೆಯವನಾದ ನನಗೆ ಆ ಮೊಕದ್ದಮೆಯ ಮೇಲೆ ವಿಶೇಷ ಆಸಕ್ತಿ, ಏಕೆಂದರೆ ಅದು ಪದಬಂಧದ ಮೊಕದ್ದಮೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆಯೊಂದು ಶುಲ್ಕ ಪಡೆದು ಬಹುಮಾನದ ಪದಬಂಧ ನಡೆಸುತ್ತಿತ್ತು. ಉತ್ತರವನ್ನು ಮೊದಲೇ ಮೊಹರು ಮಾಡಿ ಇಟ್ಟಿರುತ್ತಿದ್ದರು. ಅದು ಜಾಣ್ಮೆಯ ಆಟವಲ್ಲ, ಜೂಜು ಎಂದಿತು ನ್ಯಾಯಾಲಯ. ನಮ್ಮ ಪದಬಂಧಕ್ಕೆ ಶುಲ್ಕವಿಲ್ಲ, ಎಂದೂ ಇರುವುದಿಲ್ಲ.

ಅಧಿಕಾರ ಇದ್ದರೆ ಸಾಲದು, ಕಾನೂನನ್ನು ಅಳತೆಗೆ ಸರಿಯಾಗಿ ಕತ್ತರಿಸಬೇಕು. ನಮ್ಮಲ್ಲಿ ಜೂಜನ್ನು ತಡೆಯುವುದು ಕರ್ನಾಟಕ ಪೊಲೀಸ್ ಕಾಯ್ದೆ. 2021ರಲ್ಲಿ ನಮ್ಮ ಸರ್ಕಾರ ಅದಕ್ಕೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನೇ ಅಳಿಸಿದ್ದಕ್ಕೆ 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು. ಸಂವಿಧಾನಕ್ಕೆ ಒಪ್ಪುವ ಹೊಸ ಕಾನೂನು ತರಲು ಅಡ್ಡಿಯಿಲ್ಲ ಎಂದೂ ಹೇಳಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದು, ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದದ್ದು ನಿಮಗೆ ಗೊತ್ತೇ ಇದೆ. ಮೊಬೈಲಿನ ಜೂಜಿನ ಗತಿ ಅಲ್ಲಿ ಏನೇ ಆಗಲಿ, ಕ್ಯಾಸಿನೊಗೆ ಲೈಸೆನ್ಸ್ ಕೊಡುವ, ಕೊಡದಿರುವ ಮಾತು ನಮ್ಮ ವಿಧಾನಸಭೆಯದ್ದೇ. ಪೊಲೀಸ್ ಕಾಯ್ದೆಯಲ್ಲಿ 13ಎಯಂಥ ಒಂದು ಸಾಲು ಸೇರದಂತೆ ನೋಡಿಕೊಂಡರೆ ಸಾಕು.

ಕಾಳಿ ನದಿ ಸಮುದ್ರ ಸೇರುವಲ್ಲಿ ನಿಂತು ಒಂದು ಸಂಜೆ ದೇವಬಾಗದ ಕಡೆ ನೋಡಿದವನು ನಾನು. ಆ ನೀರಿನ ಮೇಲೆ ಮೀನುಗಾರರ ದೋಣಿಗಳ ನಡುವೆ ದೀಪ ಹಚ್ಚಿದ ಜೂಜಿನ ಹಡಗು ನಿಲ್ಲುವುದನ್ನು ನೆನೆದರೇ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ನಿಮ್ಮ ಕೋಣೆಗಳು ಖಾಲಿ ಇರುವುದೂ ನಿಜವಾದ ಪ್ರಶ್ನೆ, ಅದಕ್ಕೆ ಕ್ಯಾಸಿನೊ ಬೇಡ ಎಂಬುದಷ್ಟೇ ಉತ್ತರವಾಗದು. ಕಾರವಾರದಲ್ಲಿ ಪ್ರವಾಸಿಗರು ಏಕೆ ನಿಲ್ಲುತ್ತಿಲ್ಲ ಎಂಬ ಬಗ್ಗೆ ಬರೆಯಲು ನಮ್ಮ ವರದಿಗಾರರೊಬ್ಬರನ್ನು ಮುಂದಿನ ತಿಂಗಳು ಕಳಿಸುತ್ತಿದ್ದೇನೆ. ಎರಡು ರಾತ್ರಿ ನಿಮ್ಮಲ್ಲೇ ಉಳಿಯುತ್ತಾರೆ, ಬಾಡಿಗೆ ಕೊಟ್ಟೇ. ದಯವಿಟ್ಟು ಒಂದು ಕೋಣೆ ಇಟ್ಟಿರಿ.

– ಸಂಪಾದಕ