ರಿಪೀಟರ್ ಬಿಚ್ಚಿಡಿ, ಮೇಲಕ್ಕೊಂದು ಎಳೆ ಫೈಬರ್ ಎಳೆಯಿರಿ

ಪ್ರಶ್ನೆ: ನಮ್ಮದು ಎರಡು ಅಂತಸ್ತಿನ ಮನೆ. ಫೈಬರ್ ಬಾಕ್ಸ್ ಕೆಳಗೆ ಹಾಲ್‌ನಲ್ಲಿದೆ. 300 ಎಂಬಿಪಿಎಸ್ ಪ್ಲಾನ್, ಆದರೆ ಮೇಲಿನ ರೂಮಿನಲ್ಲಿ 20 ಕೂಡ ಬರುವುದಿಲ್ಲ. ರಿಪೀಟರ್ ಹಾಕಿದರೂ ಪ್ರಯೋಜನವಾಗಲಿಲ್ಲ. ಫೈಬರನ್ನೇ ಮೇಲಕ್ಕೆ ಎಳೆಯಬಹುದೇ?

ಉತ್ತರ: ಎಳೆಯಬಹುದು. ರಿಪೀಟರ್ ಕೊಳ್ಳುವ ಮೊದಲೇ ಇದನ್ನು ಕೇಳಿದ್ದರೆ ದುಡ್ಡು ಉಳಿಯುತ್ತಿತ್ತು. ಅಂಗಡಿಯವರು ಹೇಳಿದರು ಅಂತ ತಂದಿರಿ, ಅಲ್ವಾ?

ವೇಗ ಸಿಗುವುದು 5 ಗಿಗಾಹರ್ಟ್ಸ್ ವೈಫೈನಲ್ಲಿ. ಕಂಬಿ ಕಟ್ಟಿ ಹಾಕಿದ ಆರ್‌ಸಿಸಿ ದಾಟುವಷ್ಟರಲ್ಲಿ ಅದು ಸೋತು ಹೋಗುತ್ತದೆ. 2.4 ಗಿಗಾಹರ್ಟ್ಸ್ ಸ್ವಲ್ಪ ಚೆನ್ನಾಗಿ ದಾಟುತ್ತದೆ. ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು ಮೂರೇ, ಅಕ್ಕಪಕ್ಕದ ಮನೆಯವರೆಲ್ಲ ಅಲ್ಲೇ ಕೂತಿದ್ದಾರೆ. ಸಿಗ್ನಲ್ಲೇ ಬಾರದ ರೂಮಿನಲ್ಲಿ ರಿಪೀಟರ್ ಇಡುವುದು ಬತ್ತಿದ ಬಾವಿಗೆ ದೊಡ್ಡ ಬಿಂದಿಗೆ ಇಳಿಸಿದ ಹಾಗೆ. ಅಗ್ಗದ್ದಾದರೆ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ತಿರುಗಿ ಹೇಳಬೇಕು. ಬಂದ ವೇಗದಲ್ಲೂ ಅರ್ಧ ಹೋಯಿತು.

ಮಹಡಿ ಹತ್ತುವ ಕೆಲಸ ಫೈಬರ್ ಮಾಡಲಿ. ವೈಫೈ ಆ ರೂಮನ್ನಷ್ಟೇ ನೋಡಿಕೊಳ್ಳಲಿ.

ಖಾಲಿ ಪೈಪ್ ಇದ್ದರೆ ಕ್ಯಾಟ್6 ಅನ್ನುವ ಲ್ಯಾನ್ ವೈರ್ ಸಾಕು, ಫೈಬರ್ ಗೋಜೇ ಬೇಡ. ಆದರೆ ನಮ್ಮ ಮನೆಗಳಲ್ಲಿ ಇರುವುದೆಲ್ಲ ಕರೆಂಟಿನ ಪೈಪೇ. ಅದರಲ್ಲಿ ಲ್ಯಾನ್ ವೈರ್ ತೂರಿಸಬೇಡಿ. ಒಳಗೆ ಲೋಹದ ತಂತಿಯಿಲ್ಲದ ಫೈಬರ್ ತೂರಿಸಬಹುದು, ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಲ್ಲೇ. ಮೂಲೆಗಳಲ್ಲಿ ಬಗ್ಗಬೇಕಲ್ಲ, ಜಿ.657.ಎ2 ಅಂತ ಕೇಳಿ ತನ್ನಿ. ಅದನ್ನು 7.5 ಮಿಲಿಮೀಟರ್ ತ್ರಿಜ್ಯದವರೆಗೆ ಬಗ್ಗಿಸಬಹುದು. ಹಳೆಯ ಮಾದರಿಗೆ 30 ಬೇಕು.

ಎರಡೂ ತುದಿಗೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ ಹಾಕಿ, ಅಂದರೆ ಫೈಬರಿನ ಬೆಳಕಿಗೂ ಲ್ಯಾನ್ ವೈರಿಗೂ ನಡುವೆ ದುಭಾಷಿಯಾಗುವ ಪುಟ್ಟ ಡಬ್ಬಿ. ಒಂದೇ ಎಳೆಯದ್ದು ಜೋಡಿಯಾಗಿ ಬರುತ್ತದೆ: ಒಂದು 1310 ನ್ಯಾನೋಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಕೇಳಿಸಿಕೊಂಡರೆ, ಇನ್ನೊಂದು ಅದರ ಉಲ್ಟಾ. ಎರಡೂ ಒಂದೇ ತರಹದ್ದು ತಂದು ‘ಲಿಂಕ್ ಬರ್ತಿಲ್ಲ ಸಾರ್’ ಅಂತ ನನಗೆ ಬರೆಯಬೇಡಿ. ಹಸಿರು ಕನೆಕ್ಟರ್‌ಗೆ ಹಸಿರೇ, ನೀಲಿಗೆ ನೀಲಿಯೇ. ಹಸಿರಿನ ತುದಿ 8 ಡಿಗ್ರಿ ಓರೆಯಾಗಿರುತ್ತದೆ, ಬೆರೆಸಿದರೆ ಬೆಳಕು ಸೋರುತ್ತದೆ. ಮೇಲಿನ ತುದಿಗೆ ಜೋಡಿಸುವ ರೂಟರ್ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿರಲಿ, ವೈಫೈ ಹರಡುವುದಷ್ಟೇ ಅದರ ಕೆಲಸ. ಪಾಸ್‌ವರ್ಡ್ ಹಾಕುವುದನ್ನೂ ನಾನು ಹೇಳಿಕೊಡುವುದಿಲ್ಲ.

ಕಂಪನಿಯ ಫೈಬರನ್ನೇ ಕತ್ತರಿಸಿ, ಬೆಳಕನ್ನು ಎರಡಾಗಿ ಹಂಚುವ ಸ್ಪ್ಲಿಟರ್ ಹಾಕುತ್ತೇನೆ ಅನ್ನುವ ‘ಎಕ್ಸ್‌ಪರ್ಟ್’ ಬಂದರೆ ಕಾಫಿ ಕೊಟ್ಟು ಕಳಿಸಿ. ಕಂಪನಿಯವರು ನೋಂದಾಯಿಸದ ಎರಡನೇ ಬಾಕ್ಸ್ ಕೆಲಸ ಮಾಡುವುದಿಲ್ಲ. ಇರುವುದೂ ಕೆಟ್ಟೀತು.

ಪ್ರಶ್ನೆ: ತೋಟದ ಮನೆ 150 ಮೀಟರ್ ದೂರ. ಲ್ಯಾನ್ ವೈರ್ ಸಾಕೇ?

ಉತ್ತರ: ಸಾಲದು, ಅದರ ಮಿತಿಯೇ 100 ಮೀಟರ್. ಮಲೆನಾಡಿನಲ್ಲಿ ಸಿಡಿಲಿನದ್ದು ಇನ್ನೊಂದು ಕಾಟ. ಊರಿನಲ್ಲಿ ನಾನೇ ಕೊಟ್ಟಿಗೆಗೆ ಲ್ಯಾನ್ ವೈರ್ ಎಳೆದಿದ್ದೆ, ಒಂದೇ ಮಳೆಗಾಲಕ್ಕೆ ಎರಡೂ ಬದಿಯ ಬಾಕ್ಸ್ ಸುಟ್ಟವು. ಫೈಬರೇ ಹಾಕಿ. ಅದರ ಜೊತೆ ಬರುವ ಉಕ್ಕಿನ ತಂತಿಯನ್ನು ಮಾತ್ರ ಗೋಡೆಯ ಹೊರಗೇ ಕತ್ತರಿಸಿಬಿಡಿ.

ಪ್ರಶ್ನೆ: ಎಂಟು ಆಂಟೆನಾದ ರೂಟರ್ ತಗೊಳ್ಳಲೇ?

ಉತ್ತರ: ಸುಮ್ನೆ ಶೋಕಿ.

ಪ್ರಶ್ನೆ: 60 ಗಿಗಾಹರ್ಟ್ಸ್ ವೈಫೈ ಇನ್ನೂ ಜಾಸ್ತಿ ವೇಗವಂತೆ?

ಉತ್ತರ: ಹೌದು, ಮಧ್ಯೆ ಯಾರೂ ಎದ್ದು ಓಡಾಡದಿದ್ದರೆ.

ಪ್ರಶ್ನೆ: ಫೈಬರ್ ತುದಿಯಲ್ಲಿ ಬೆಳಕೇ ಕಾಣುತ್ತಿಲ್ಲ, ಕಟ್ ಆಗಿದೆಯೇ?

ಉತ್ತರ: ಅದು ಕಣ್ಣಿಗೆ ಕಾಣದ ಲೇಸರ್. ಮೊದಲು ಅದನ್ನು ಕಣ್ಣಿನಿಂದ ದೂರ ಇಡಿ. ಬಾಕ್ಸ್‌ನಲ್ಲಿ ‘ಲಾಸ್’ (LOS, ಸಿಗ್ನಲ್ ಬರುತ್ತಿಲ್ಲ ಅನ್ನುವ) ದೀಪ ಕೆಂಪಾಗಿದ್ದರೆ ಕಂಪನಿಗೆ ಫೋನ್ ಮಾಡಿ.