ಟೈಪ್ 2 ಮಧುಮೇಹವಿದ್ದು, ವ್ಯಾಯಾಮ ಮಾಡುತ್ತ ತೂಕ ಇಳಿಸುವಾಗ ಊಟ ಹೇಗಿರಬೇಕು?

ದಿನವೂ ಒಂದು ಗಂಟೆ ಬಿರುಸಾಗಿ ನಡೆದು, ಊಟವನ್ನು ಅರ್ಧಕ್ಕೆ ಇಳಿಸಿದರೂ ತೂಕ ಇಳಿಯುತ್ತಿಲ್ಲ, ಮಧ್ಯಾಹ್ನದ ಹೊತ್ತಿಗೆ ಕೈಕಾಲು ನಡುಗಿ ಸಿಕ್ಕಿದ್ದನ್ನೆಲ್ಲ ತಿನ್ನುವಂತಾಗುತ್ತದೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ, ಇದೇ ಕಾಯಿಲೆಯಿಟ್ಟುಕೊಂಡು ತೂಕ ಇಳಿಸಿದವನು, ನೀವು ಹೇಳಿದ ಪಾಡನ್ನು ಕೆಲವು ತಿಂಗಳು ಪಟ್ಟವನು.

ಆ ನಡುಕವನ್ನು ಬರೀ ಹಸಿವೆಂದು ದಯವಿಟ್ಟು ಬಿಟ್ಟುಬಿಡಬೇಡಿ. ಒಂದು ದಿನ ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಹಿಡಿದಾಗ, ಪಟ್ಟಿಯ ತುದಿಗೆ ರಕ್ತದ ಹನಿ ತಾಗಿಸಲಾಗದಷ್ಟು ನನ್ನ ಬೆರಳು ಅದುರುತ್ತಿತ್ತು. ತೋರಿಸಿದ ಅಂಕಿ 58 (mg/dL), ಅಂದರೆ ಸಕ್ಕರೆ ತೀರಾ ಕುಸಿದಿತ್ತು. ಗಾಬರಿಯಲ್ಲಿ ಒಂದು ಪೊಟ್ಟಣ ಬಿಸ್ಕತ್ತು ಮುಗಿಸಿದೆ. ಎರಡು ಗಂಟೆಯ ನಂತರ ಅದೇ ಅಂಕಿ 230 ಆಗಿತ್ತು, ಬೆಳಗಿನ ನಡಿಗೆಯಲ್ಲಿ ಕರಗಿದ್ದೆಲ್ಲ ವಾಪಸ್ಸು ಬಂದಿತ್ತು. ಬಿಸ್ಕತ್ತಿನಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ, ಆದ್ದರಿಂದಲೇ ನಡುಕ ನಿಲ್ಲುವವರೆಗೆ ತಿನ್ನುತ್ತಲೇ ಇರುತ್ತೇವೆ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಬೇಕಾದದ್ದು 15 ಗ್ರಾಂ ಗ್ಲೂಕೋಸ್ ಅಥವಾ ಒಂದು ದೊಡ್ಡ ಚಮಚ ಸಕ್ಕರೆ ಕದಡಿದ ನೀರು ಮಾತ್ರ; 15 ನಿಮಿಷ ಕಾದು ಮತ್ತೆ ಪರೀಕ್ಷಿಸಿ, ಇನ್ನೂ ಕಡಿಮೆಯಿದ್ದರೆ ಅಷ್ಟನ್ನೇ ಮತ್ತೊಮ್ಮೆ ಕುಡಿಯಿರಿ.

ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಬರೆದಿಲ್ಲ. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ಆದರೆ, ನೀವು ಉಂಡಿರಲಿ ಬಿಡಲಿ, ಅವು ಸಕ್ಕರೆ ಇಳಿಸುವ ತಮ್ಮ ಕೆಲಸ ಮಾಡುತ್ತವೆ. ಅದರ ಮೇಲೆ ದುಡಿದ ಸ್ನಾಯುಗಳೂ ರಕ್ತದಿಂದ ಸಕ್ಕರೆ ಹೀರುತ್ತವೆ, ಆ ಪರಿಣಾಮ ಮರುದಿನದವರೆಗೂ ಉಳಿಯುವುದುಂಟು. ಊಟ ತಗ್ಗಿ, ನಡಿಗೆ ಹೆಚ್ಚಿ, ಮಾತ್ರೆ ಮಾತ್ರ ಹಳೆಯ ಪ್ರಮಾಣದಲ್ಲೇ ಇದ್ದರೆ, ಕೊನೆಗೆ ನಾವು ಮಾತ್ರೆಗೋಸ್ಕರ ತಿನ್ನತೊಡಗುತ್ತೇವೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಆದರೆ ಈ ವಾರವೇ ವೈದ್ಯರನ್ನು ಕಂಡು ಪ್ರಮಾಣ ಇಳಿಸಬಹುದೇ ಎಂದು ಕೇಳಿ. ನನ್ನ ಮಾತ್ರೆಯನ್ನು ಅರ್ಧ ಮಾಡಿದ ಮೇಲೆಯೇ ನಡುಕ ನಿಂತಿದ್ದು, ತೂಕದ ಮುಳ್ಳು ಅಲುಗಿದ್ದು.

ಇನ್ನು ಊಟ. ಎಲ್ಲವನ್ನೂ ಅರ್ಧ ಮಾಡಿದ್ದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹಾಗೆ ಮಾಡಿದಾಗ ಪ್ರೋಟೀನ್ ಕೂಡ ಅರ್ಧವಾಗಿ, ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ತಟ್ಟೆಯ ಅರ್ಧದಷ್ಟು ತರಕಾರಿ, ಕಾಲು ಭಾಗ ಬೇಳೆಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮಾತ್ರ ಧಾನ್ಯ ಇರಲಿ. ಗೆಡ್ಡೆಗೆಣಸನ್ನು ಧಾನ್ಯದ ಲೆಕ್ಕಕ್ಕೇ ಸೇರಿಸಿ. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಧಾನ್ಯವನ್ನು ಕೊನೆಗೆ ಉಳಿಸಿಕೊಂಡರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ. ಮೂತ್ರಪಿಂಡದ ತೊಂದರೆಯಿದ್ದರೆ ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ನಡಿಗೆಯ ಜೊತೆಗೆ ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮವನ್ನೂ ಸೇರಿಸಿಕೊಳ್ಳಿ.

ವೈದ್ಯರ ಬಳಿ ಹೋಗುವಾಗ ಊಟಕ್ಕೆ ಮುಂಚಿನ, ಊಟವಾದ ಎರಡು ಗಂಟೆಯ ನಂತರದ ಮತ್ತು ನಡುಕ ಬಂದಾಗಿನ ಅಂಕಿಗಳನ್ನು, ಅಂದು ತಿಂದದ್ದರ ಸಮೇತ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನನ್ನ ಮಾತ್ರೆ ಇಳಿದದ್ದು ಅಂಥದೊಂದು ಹಾಳೆಯನ್ನು ಅವರ ಮುಂದಿಟ್ಟ ದಿನವೇ.