ಪ್ಯಾಕೆಟ್ ಕೇಳಿದ್ದು ನಾನು, ಮ್ಯಾಪ್‌ನಲ್ಲಿ ಹೆಸರು ಬೇರೆಯವರದು!

ಪ್ರಶ್ನೆ: ಸರ್, ನಾನು ಹೊಸ ಹ್ಯಾಮ್ (ಹವ್ಯಾಸಿ ರೇಡಿಯೋದವನು). ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಆರ್‌ಟಿಎಲ್-ಎಸ್‌ಡಿಆರ್ ರೇಡಿಯೋ ಡಾಂಗಲ್ ಸಿಕ್ಕಿಸಿ, ಡೈರ್ ವುಲ್ಫ್ ಸಾಫ್ಟ್‌ವೇರ್ ಹಾಕಿ ಎಪಿಆರ್‌ಎಸ್ ಐಗೇಟ್ ಮಾಡಿದ್ದೇನೆ. ಅಂದರೆ, ಟ್ರ್ಯಾಕರ್‌ಗಳು ರೇಡಿಯೋದಲ್ಲಿ ಬಿಡುವ ಜಾಗದ ಮಾಹಿತಿಯ ಪ್ಯಾಕೆಟ್‌ಗಳನ್ನು ಕೇಳಿ ಇಂಟರ್‌ನೆಟ್‌ಗೆ ದಾಟಿಸುವ ಸ್ಟೇಷನ್. ಗೆಳೆಯನ ಕಾರಿನ ಟ್ರ್ಯಾಕರ್ ಕಳಿಸುವ ಪ್ಯಾಕೆಟ್‌ಗಳು ಸ್ಕ್ರೀನ್ ಮೇಲೆ ಚೆನ್ನಾಗಿ ಬರುತ್ತವೆ. ಮ್ಯಾಪ್‌ನಲ್ಲಿ ನೋಡಿದರೆ ಮಾತ್ರ ಪ್ರತಿ ಸಲವೂ ಪ್ಯಾಕೆಟ್ ತಂದವರ ಜಾಗದಲ್ಲಿ ಬೇರೆ ಯಾರದೋ ಕಾಲ್‌ಸೈನ್ (ರೇಡಿಯೋ ಹೆಸರು). ನನ್ನ ಸ್ಟೇಷನ್ ಸುಮ್ನೆ ಕೂತಿದೆಯಾ? ಇನ್ನೊಂದು ತೊಂದರೆ: ನನ್ನ ಐಗೇಟ್‌ನ ಗುರುತು ಮನೆಯಿಂದ ಹತ್ತಾರು ಕಿಲೋಮೀಟರ್ ಆಚೆ ಕಾಣುತ್ತಿದೆ. ಫೋನ್ ಅಕ್ಷಾಂಶ 40.51 ಅಂತ ತೋರಿಸಿತು, ನಾನು 40^51.00 ಎಂದು ಬರೆದೆ.

ಉತ್ತರ: ನಿಮ್ಮ ಎರಡನೇ ತೊಂದರೆಯಲ್ಲೇ ಮೊದಲನೆಯದಕ್ಕೆ ಅರ್ಧ ಉತ್ತರ ಇದೆ. ನಿಮ್ಮ ಡಾಂಗಲ್ ಬರೀ ರಿಸೀವರ್. ಆದರೂ ನಿಮ್ಮ ಗುರುತು ಮ್ಯಾಪ್‌ಗೆ ಬಂದಿದೆ ಅಂದರೆ ಅದು ಇಂಟರ್‌ನೆಟ್ ದಾರಿಯಲ್ಲೇ ಹೋಗಿರಬೇಕು, ಅಲ್ವಾ? ಹಾಗಾಗಿ ಲಾಗಿನ್ ಸರಿ ಇದೆ. ಪಾಸ್‌ಕೋಡ್ ತಪ್ಪಿದ್ದರೆ ಸರ್ವರ್ 'ಅನ್‌ವೆರಿಫೈಡ್' ಎಂದು ಹೇಳಿ ನಿಮ್ಮ ಪ್ಯಾಕೆಟ್‌ಗಳನ್ನು ಬಾಗಿಲಲ್ಲೇ ತಡೆಯುತ್ತಿತ್ತು.

ಈಗ ಹೆಸರಿನ ವಿಷಯ. ಎಪಿಆರ್‌ಎಸ್‌ನಲ್ಲಿ ಒಂದು ಪ್ರದೇಶದವರೆಲ್ಲ ಒಂದೇ ಫ್ರೀಕ್ವೆನ್ಸಿಯಲ್ಲಿರುತ್ತಾರೆ. ಉತ್ತರ ಅಮೆರಿಕದಲ್ಲಿ 144.390, ಯುರೋಪಿನ ಹೆಚ್ಚಿನ ಕಡೆ 144.800 ಮೆಗಾಹರ್ಟ್ಸ್. ಹಾಗಾಗಿ ಕಾರಿನ ಒಂದು ಪ್ಯಾಕೆಟ್ ನಾಲ್ಕೈದು ಐಗೇಟ್‌ಗಳ ಕಿವಿಗೆ ಬೀಳಬಹುದು. ಎಲ್ಲವೂ ಅದನ್ನು ಸರ್ವರ್‌ಗೆ ತಳ್ಳುತ್ತವೆ. ಸರ್ವರ್ ಮೊದಲು ಬಂದ ಪ್ರತಿಯನ್ನು ಇಟ್ಟುಕೊಂಡು, ಸುಮಾರು 30 ಸೆಕೆಂಡಿನೊಳಗೆ ಬಂದ ಉಳಿದ ಪ್ರತಿಗಳನ್ನು ಎಸೆಯುತ್ತದೆ. ಆ ಮೊದಲ ಪ್ರತಿ ತಂದ ಐಗೇಟ್‌ನ ಹೆಸರೇ ಮ್ಯಾಪ್‌ನಲ್ಲಿ ಕಾಣುವುದು. ಯಾವ ದಾರಿಯಿಂದ ಬಂತು ಅಂತ ನೋಡುವುದಿಲ್ಲ. ಕಳಿಸಿದವರು ಮತ್ತು ಒಳಗಿನ ಮಾಹಿತಿ ಒಂದೇ ಆಗಿದ್ದರೆ ಅದು ನಕಲು, ಅಷ್ಟೇ. ನೀವು ಡಿಜಿಪೀಟರ್ ಮರುಪ್ರಸಾರ ಮಾಡಿದ್ದನ್ನು ಕೇಳುತ್ತಿದ್ದು, ಇನ್ನೊಬ್ಬರು ಕಾರನ್ನೇ ನೇರವಾಗಿ ಕೇಳುತ್ತಿದ್ದರೆ ಈ ಓಟದಲ್ಲಿ ನೀವು ಗೆಲ್ಲುವುದು ಕಷ್ಟ. ಇಬ್ಬರೂ ನೇರವಾಗಿ ಕೇಳಿದರೂ ಡಿಕೋಡ್ ಮಾಡುವ ವೇಗ, ಇಂಟರ್‌ನೆಟ್ ವೇಗದ ಮೇಲೆ ಕೂದಲೆಳೆಯಲ್ಲಿ ತೀರ್ಮಾನವಾಗುತ್ತದೆ.

ಪರೀಕ್ಷೆ ಸುಲಭ. ಗೆಳೆಯನನ್ನು ಮನೆ ಹತ್ತಿರ ಕರೆದು, ಟ್ರ್ಯಾಕರ್‌ನ ಪವರ್ ಪೂರ್ತಿ ತಗ್ಗಿಸಿ ಒಂದು ಪ್ಯಾಕೆಟ್ ಬಿಡಲು ಹೇಳಿ. ದೂರದ ಐಗೇಟ್‌ಗಳಿಗೆ ಅದು ಕೇಳಿಸದಿದ್ದರೆ ಸಾಕು. ಆಮೇಲೆ ಎಪಿಆರ್‌ಎಸ್.ಎಫ್‌ಐ ಮ್ಯಾಪ್ ತಾಣದಲ್ಲಿ ಆ ಪ್ಯಾಕೆಟ್‌ನ ಮೂಲ ಸಾಲು ತೆಗೆದು ನೋಡಿ. 'ಕ್ಯೂಎಆರ್' ಅಥವಾ 'ಕ್ಯೂಎಓ' ಎಂಬ ಮೂರಕ್ಷರ ಸಿಗುತ್ತದೆ. ಅದರ ಮುಂದೆ ಇರುವುದೇ ಪ್ಯಾಕೆಟ್ಟನ್ನು ಒಳಗೆ ತಂದ ಐಗೇಟ್‌ನ ಹೆಸರು. ಕ್ಯೂಎಓ ಅಂದರೆ ಕೇಳುವುದಷ್ಟೇ, ಗಾಳಿಗೆ ಏನೂ ಬಿಡದ ಐಗೇಟ್. ನಿಮ್ಮದು ಆ ಜಾತಿ.

ಹೆಸರು ಬರಲಿ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಾನೂ ಮೊದಲ ಐಗೇಟ್ ಹಾಕಿದಾಗ ಇದೇ ಹುಚ್ಚಿಗೆ ಮೂರು ಆಂಟೆನಾ ಬದಲಿಸಿದ್ದೆ! ಪಕ್ಕದವರ ಐಗೇಟ್ ಕರೆಂಟ್ ಹೋಗಿ ನಿಂತ ದಿನ ನಿಮ್ಮದು ತಾನಾಗಿಯೇ ಮ್ಯಾಪ್‌ಗೆ ಬರುತ್ತದೆ. ಗುಡ್ಡದ ಮರೆಯಲ್ಲಿ ಕಾರು ಹೋಗುವಾಗ ನಿಮಗೊಬ್ಬರಿಗೇ ಕೇಳಿಸಲೂಬಹುದು.

ಇನ್ನು ಜಾಗ ತಪ್ಪಿದ್ದು. ಆ ಟೋಪಿ ಗುರುತಿನ (^) ಮುಂದೆ ಬರೆಯುವುದು ಮಿನಿಟ್, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ. ಫೋನ್ ಹೇಳಿದ್ದು ಡಿಗ್ರಿಯ ದಶಮಾಂಶ. 0.51 ಅನ್ನು 60ರಿಂದ ಗುಣಿಸಿದರೆ 30.60 ಮಿನಿಟ್ ಆಗುತ್ತದೆ, ನೀವು 51 ಕೊಟ್ಟಿದ್ದೀರಿ. ಅಕ್ಷಾಂಶದಲ್ಲಿ 20.4 ಮಿನಿಟ್ ತಪ್ಪಿದರೆ ಉತ್ತರಕ್ಕೆ ಸುಮಾರು 38 ಕಿಲೋಮೀಟರ್ ಸರಿದ ಹಾಗೆ. 40^30.60 ಎಂದು ತಿದ್ದಿ. ಡೈರ್ ವುಲ್ಫ್‌ಗೆ 40.51 ಅಂತ ನೇರವಾಗಿ ಕೊಟ್ಟರೂ ಅರ್ಥವಾಗುತ್ತದೆ. ರೇಖಾಂಶವನ್ನೂ ಹೀಗೇ ಬರೆದಿರುತ್ತೀರಿ, ಅದನ್ನೂ ನೋಡಿಬಿಡಿ.